ಮುಚ್ಚಳದ ಚರಿತ್ರೆ

ಚರಿತ್ರೆ ಪಾಠ ಹೇಳುವವರಿಗೆ ಒಂದು ಜಾಡ್ಯ ಅಂಟಿಕೊಂಡಿರುತ್ತದೆ. ಇಸವಿಯಿಲ್ಲದ ಸಂಗತಿ ಅವರ ಕಣ್ಣಿಗೆ ಬೀಳುವುದಿಲ್ಲ. ನಾನಿರುವ ವಿದುರಾಶ್ವತ್ಥದಲ್ಲಿ ಈ ಜಾಡ್ಯ ಇನ್ನೂ ಹೆಚ್ಚು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆಂದು ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಕ್ಕಳನ್ನು ವೀರಸೌಧಕ್ಕೆ ಕರೆದುಕೊಂಡು ಹೋಗಿ ಆ ತಾರೀಕನ್ನು ಬಾಯಿಪಾಠ ಮಾಡಿಸುತ್ತೇನೆ. ನಮ್ಮ ಕಡೆಯ ಚರಿತ್ರೆ ಅಷ್ಟಕ್ಕೆ ಮುಗಿಯಿತೆಂದೇ ಬಹಳ ಕಾಲ ನಂಬಿದ್ದೆ. ಹಾಗಲ್ಲವೆಂದು ನನಗೆ ಕಲಿಸಿದ್ದು ಅಂಗೈಯಗಲದ ಒಂದು ಮುಚ್ಚಳ.

ನನ್ನ ಮಗ ಗೌರಿಬಿದನೂರಿನಲ್ಲಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಅಂಗಡಿ ಇಟ್ಟಿದ್ದಾನೆ. ಆ ಕೆಲಸಕ್ಕೆ ದೊಡ್ಡ ಕಂಪ್ಯೂಟರ್ ಬೇಕು. ದೊಡ್ಡ ಕಂಪ್ಯೂಟರಿಗೆ ದೊಡ್ಡ ಸೆಖೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ಯಂತ್ರವೊಂದನ್ನು ತಂದ. ಅದಕ್ಕೆ ಫ್ಯಾನಿನ ಗಾಳಿ ಸಾಲದೆಂದು ನೀರಿನ ಏರ್ಪಾಟು ಮಾಡಿದ್ದರು. ಲೆಕ್ಕ ಮಾಡುವ ಚಿಪ್‌ನ ಬೆನ್ನಿಗೆ ತಾಮ್ರದ ಒಂದು ಬಿಲ್ಲೆ. ಅದರ ಮೇಲ್ಮೈಯಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣ ಗೆರೆಗಳು. ಮೇಲೊಂದು ಮುಚ್ಚಳ, ನಡುವೆ ರಬ್ಬರ್ ಉಂಗುರ. ಪುಟ್ಟ ಪಂಪು ಮುಚ್ಚಳದ ಒಂದು ತೂತಿನಿಂದ ನೀರು ನುಗ್ಗಿಸುತ್ತದೆ. ಆ ನೀರು ತಾಮ್ರದ ಶಾಖ ಹೊತ್ತು ಇನ್ನೊಂದು ತೂತಿನಿಂದ ಹೊರಟು, ಕಾರಿಗಿರುವಂಥ ರೇಡಿಯೇಟರಿನಲ್ಲಿ ತಣ್ಣಗಾಗಿ ಮರಳುತ್ತದೆ. ಅಷ್ಟೇ ಗಾತ್ರದ ಗಾಳಿಗಿಂತ 3,000 ಪಟ್ಟಿಗೂ ಹೆಚ್ಚು ಶಾಖವನ್ನು ನೀರು ಹೊರಬಲ್ಲದು.

ಕಳೆದ ಮದುವೆಯ ಕಾಲದಲ್ಲಿ ಈ ಮುಚ್ಚಳ ಬಿರುಕು ಬಿಟ್ಟಿತು. ಅದು ಅಕ್ರಿಲಿಕ್‌ನದು, ನಳಿಕೆಯ ತಿರುಪನ್ನು ಯಾರೋ ಅತಿಯಾಗಿ ಬಿಗಿದಿದ್ದರು. ಕೂದಲೆಳೆಯಂಥ ಸೀಳು, ಅದರಿಂದ ಬೆವರಿನಂತೆ ಜಿನುಗುವ ನೀರು. ತಯಾರಕರನ್ನು ಕೇಳಿದರೆ, ಆ ಮಾದರಿ ನಿಂತುಹೋಗಿದೆ, ಪೂರ್ತಿ ಹೊಸದನ್ನೇ ಕೊಳ್ಳಿ ಎಂದರು. ಏಳು ಮದುವೆಗಳ ಕೆಲಸ ಅರ್ಧಕ್ಕೆ ನಿಂತಿತ್ತು, ಮುಂಗಡದ ಹಣ ಖರ್ಚಾಗಿತ್ತು.

"ತಾಮ್ರ ಚೆನ್ನಾಗೇ ಇದೆಯಲ್ಲಮ್ಮ. ಮುಚ್ಚಳ ಒಂದನ್ನೇ ಮಾಡಿಸಿದರೆ ಸಾಕು. ತಾತ ಇಂಥದ್ದನ್ನೇ ಅಲ್ಲವಾ ಮಾಡ್ತಿದ್ದದ್ದು?" ಎಂದ.

ನಾನು ಉತ್ತರ ಕೊಡಲಿಲ್ಲ. ಯಾಕೆಂದು ಹೇಳುತ್ತೇನೆ.

ನಮ್ಮಪ್ಪನದು ಗೌರಿಬಿದನೂರಿನಲ್ಲಿ ಲೇತ್ ಅಂಗಡಿ. ಆಗ ನಮ್ಮದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಲೇತ್ ಹರಿಹರದ್ದು, 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. ಆ ಕಾರ್ಖಾನೆಯೂ ಮುಚ್ಚಿಹೋಗಿದೆ. ತೆರೆದ ಬಾವಿಗಳಲ್ಲಿ ನೀರಿದ್ದ ಕಾಲವದು. ಬಾವಿಯ ದಂಡೆಯಲ್ಲಿ ಡೀಸೆಲ್ ಇಂಜಿನ್ನು ಗುಡುಗುಟ್ಟುತ್ತಿತ್ತು. ಅದಕ್ಕೂ ಒಡಲೊಳಗೆ ನೀರು ಹರಿಯಬೇಕು. ನಮ್ಮ ಸೀಮೆಯ ನೀರು ಗಡಸು. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಇಂಜಿನ್ನಿನೊಳಗೂ ಅದೇ ಪೊರೆ ಬೆಳೆದು ನೀರಿನ ದಾರಿ ಕಟ್ಟಿಕೊಂಡರೆ, ಲೋಹ ಕಾದು ಬಿರಿಯುತ್ತಿತ್ತು. ರೈತರು ಒಡೆದ ಮುಚ್ಚಳ, ಪಂಪಿನ ಪಟ್ಟಿ ಹೊತ್ತು ಅಪ್ಪನ ಬಳಿಗೆ ಬರುತ್ತಿದ್ದರು. ನಾಟಿಯ ಹೊತ್ತು, ನೀರು ನಿಂತರೆ ಪೈರು ಹೋಯಿತು. ಬೆಂಗಳೂರಿನಿಂದ ಬಿಡಿಭಾಗ ಬರುವವರೆಗೆ ಕಾಯುವ ಹಾಗಿರಲಿಲ್ಲ.

ಅಪ್ಪ ಮೊದಲು ಆ ಭಾಗದ ಮೇಲೆ ಕಾಗದ ಹರವಿ ಎಣ್ಣೆಗೈಯ ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಅಂಚು, ತೂತು, ಬೋಲ್ಟಿನ ಜಾಗ ಎಲ್ಲ ಕಪ್ಪಗೆ ಮೂಡುತ್ತಿದ್ದವು. ಆ ಅಚ್ಚಿನ ಪ್ರಕಾರ ಹೊಸದನ್ನು ಕೊರೆಯುತ್ತಿದ್ದ. ಅಚ್ಚು ಕಾಗದಗಳನ್ನೆಲ್ಲ ನನ್ನ ಹಳೆಯ ಸಮಾಜ ಪಾಠದ ನೋಟುಪುಸ್ತಕಗಳ ಹಾಳೆಗಳ ನಡುವೆ ಇಟ್ಟಿರುತ್ತಿದ್ದ. ಪಕ್ಕದಲ್ಲಿ ರೈತನ ಹೆಸರು, ಊರು, ತಾರೀಕು.

ಬಾವಿಗಳು ಬತ್ತಿದವು. ಕೊಳವೆಬಾವಿ, ಕರೆಂಟು ಮೋಟಾರು ಬಂದವು; ಮೋಟಾರೇ ನೀರಿನಾಳದಲ್ಲಿ ಮುಳುಗಿತು. ಅಪ್ಪನ ಕೆಲಸ ಕಡಿಮೆಯಾಯಿತು. ನನ್ನ ಬಿ.ಎಡ್. ಫೀಸಿಗೆ ಲೇತ್ ಹೋಯಿತು. ಮಾರೆಂದು ಬಾಯಿಬಿಟ್ಟು ನಾನು ಹೇಳಲಿಲ್ಲ. ಆದರೆ ಅಪ್ಪನೆದುರು ಅರ್ಜಿ ನಮೂನೆ ಇಟ್ಟುಕೊಂಡು ಮೂರು ದಿನ ಸುಮ್ಮನೆ ಕೂತಿದ್ದೆ. ಅವನು ತೀರಿಕೊಂಡ ಮೇಲೆ ಆ ನೋಟುಪುಸ್ತಕಗಳನ್ನು, ಎಣ್ಣೆ ಕಲೆಯ ಕಸವೆಂದು, ರದ್ದಿಗೆ ತೂಕಕ್ಕೆ ಹಾಕಿದೆ. ಹೆಸರು, ಊರು, ತಾರೀಕು ಎಲ್ಲ ಇದ್ದ ದಾಖಲೆಯನ್ನು ಚರಿತ್ರೆಯ ಟೀಚರೇ ತಕ್ಕಡಿಗೆ ಹಾಕಿದಳು. ಇದನ್ನು ಮಗನಿಗೆ ಹೇಗೆ ಹೇಳಲಿ?

ಉಳಿದಿದ್ದದ್ದು ಒಂದು ತಗಡಿನ ಡಬ್ಬಿ. ಅಟ್ಟದಿಂದ ಇಳಿಸಿ ಕೊಟ್ಟೆ. ಒಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಟ್ಯಾಪುಗಳು, ಅಂದರೆ ತೂತಿನೊಳಗೆ ತಿರುಪಿನ ಮರೆ ಕೊರೆಯುವ ಉಳಿಗಳು. ಮಗ ಒಂದನ್ನು ಬೆಳಕಿಗೆ ಹಿಡಿದು, "ಅಮ್ಮ, ಇದು ಕಾಲಿಂಚಿನ ಪೈಪ್ ಟ್ಯಾಪ್! ನನ್ನ ಮುಚ್ಚಳಕ್ಕೆ ಬೇಕಾದದ್ದೇ ಇದು" ಎಂದು ಕೂಗಿದ.

ಇದರ ಹಿಂದೆ ದೊಡ್ಡ ಕಥೆಯೇ ಇದೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ, ಎಲ್ಲ ಕಾರ್ಖಾನೆಗಳೂ ಒಂದೇ ಬಗೆಯ ತಿರುಪು ಮಾಡಬೇಕೆಂದು 55 ಡಿಗ್ರಿ ಕೋನದ ಮರೆಯನ್ನು ಸೂಚಿಸಿದ. ಬ್ರಿಟಿಷ್ ಪೈಪಿನ ಅಳತೆ ಅದೇ ಕೋನವನ್ನು ಹಿಡಿಯಿತು. ಕಾಲಿಂಚಿನ ಪೈಪಿಗೆ ಇಂಚಿಗೆ 19 ಮರೆ. ಹೆಸರಿಗೆ ಕಾಲಿಂಚು, ತಿರುಪಿನ ಹೊರಸುತ್ತಳತೆಯ ಅಡ್ಡಗಲ 13.157 ಮಿಲಿಮೀಟರು, ಅರ್ಧ ಇಂಚಿಗಿಂತ ಹೆಚ್ಚು! ಕಬ್ಬಿಣದ ಪೈಪಿನ ಒಳಗಿನ ಅಗಲಕ್ಕೆ ಇಟ್ಟ ಹಳೆಯ ಹೆಸರು ಹಾಗೇ ಉಳಿದಿದೆ. ಆ ಅಳತೆ ಬಾವಿಯ ಪಂಪಿಗೂ ಬಂತು, ಇವತ್ತಿನ ಕಂಪ್ಯೂಟರಿನ ನೀರಿನ ನಳಿಕೆಗೂ ಬಂದಿದೆ.

ಕಂಪ್ಯೂಟರಿಗೆ ನೀರು ಹರಿಸುವುದೂ ನಾನೆಣಿಸಿದಂತೆ ಹುಡುಗರ ಹೊಸ ಶೋಕಿಯಲ್ಲ. ಐ.ಬಿ.ಎಂ. ಕಂಪನಿ 1980ರಲ್ಲಿ ಪ್ರಕಟಿಸಿದ 3081 ಎಂಬ ಯಂತ್ರದಲ್ಲಿ ಚಿಪ್‌ಗಳ ಮೇಲೆ ತಣ್ಣೀರಿನ ಫಲಕವಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ಪರಮ್ ಪ್ರವೇಗ ಎಂಬ 3.3 ಪೆಟಾಫ್ಲಾಪ್‌ನ ಮಹಾಯಂತ್ರದ ಬೀರುಗಳಲ್ಲೂ ಶಾಖವನ್ನು ನೇರವಾಗಿ ದ್ರವವೇ ಹೊತ್ತು ಹೋಗುತ್ತದೆ. ಮನೆಯ ಕಂಪ್ಯೂಟರಿಗೆ ಈ ವಿದ್ಯೆ ಇಳಿದು ಬಂದಾಗ, ಹೊರದೇಶಗಳಲ್ಲಿ ಹವ್ಯಾಸಿಗಳು ತಮ್ಮ ಗ್ಯಾರೇಜುಗಳಲ್ಲೇ ಮುಚ್ಚಳಗಳನ್ನು ಕೊರೆದುಕೊಂಡರು. ಒಡೆದದ್ದಕ್ಕೆ ಬದಲಿ ಬೇಕೆಂದು ಕೆಲವರು, ನೀರು ಇನ್ನೂ ಸರಾಗವಾಗಿ ಹರಿಯಲೆಂದು ಕೆಲವರು.

ನಮ್ಮದಕ್ಕೆ ಕೊರೆಯುವವರು ಬೇಕಲ್ಲ? ಪೀಣ್ಯದಲ್ಲಿ ವಿಚಾರಿಸಿದರೆ, ಒಂದೇ ಪೀಸಿಗೆ ಮೆಷಿನ್ ಸೆಟ್ಟಿಂಗ್ ಮಾಡುವುದಿಲ್ಲವೆಂದರು. ಕಡೆಗೆ ಅಪ್ಪನ ಶಿಷ್ಯರೊಬ್ಬರ ಹತ್ತಿರ ಹೋದೆವು. ಗೌರಿಬಿದನೂರಿನಲ್ಲಿ ಹಳೆಯ ಮಿಲ್ಲಿಂಗ್ ಮೆಷಿನ್ ಇಟ್ಟುಕೊಂಡಿದ್ದಾರೆ. ತಾಮ್ರದ ಬಿಲ್ಲೆಯನ್ನು ತಿರುಗಿಸಿ ನೋಡಿ, "ಟೀಚರಮ್ಮ, ಒಂದು ಕಾಗದ ಕೊಡಿ" ಎಂದರು. ಹರವಿ, ಹೆಬ್ಬೆರಳಿಗೆ ಎಣ್ಣೆ ಹಚ್ಚಿ ಉಜ್ಜಿದರು. ನನ್ನ ಗಂಟಲು ಕಟ್ಟಿತು.

ನಾಮಫಲಕ ಮಾಡುವವರ ಅಂಗಡಿಯಿಂದ 12 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ತುಂಡು ತಂದೆವು. ವೇಗವಾಗಿ ಕೊರೆದರೆ ಅದು ಕರಗಿ ಉಳಿಗೆ ಮೆತ್ತಿಕೊಳ್ಳುತ್ತದೆ. ನಿಧಾನವಾಗಿ, ಸೋಪು ನೀರು ಹನಿಸುತ್ತ ಕೊರೆಯಬೇಕು. ಎರಡು ಮಿಲಿಮೀಟರಿನ ಉಂಗುರಕ್ಕೆ ಒಂದೂವರೆ ಮಿಲಿಮೀಟರ್ ಆಳದ ಕಾಲುವೆ. ಮುಚ್ಚಳ ಕೂತಾಗ ಉಂಗುರ ಅಷ್ಟು ನಲುಗಿದರೆ ಮಾತ್ರ ನೀರು ಹಿಡಿಯುತ್ತದೆ. 11.8 ಮಿಲಿಮೀಟರಿನ ತೂತು ಹೊಡೆದು, ಅಪ್ಪನ ಟ್ಯಾಪನ್ನು ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿದರು.

ಮನೆಗೆ ತಂದ ಮುಚ್ಚಳದ ಮೇಲೆ ಬೆರಳ ಗುರುತಿತ್ತು. ಸಹಾಯ ಮಾಡೋಣವೆಂದು ನಾನೇ ಸ್ಪಿರಿಟ್ಟಿನಲ್ಲಿ ಒರೆಸಿದೆ. ಬೆಳಿಗ್ಗೆ ನೋಡಿದರೆ ತೂತಿನ ಸುತ್ತ ಜೇಡರ ಬಲೆಯಂಥ ಬಿರುಕು! ಕೊರೆದ ಅಕ್ರಿಲಿಕ್‌ಗೆ ಸ್ಪಿರಿಟ್ ತಾಕಬಾರದಂತೆ. ಮಗ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದೇ ರಾತ್ರಿ ರದ್ದಿಯ ವಿಷಯವನ್ನೂ ಹೇಳಿಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಪುಸ್ತಕ ಇದ್ದವಮ್ಮ?" ಎಂದು ಮಾತ್ರ ಕೇಳಿದ. ನಾನು ಎಣಿಸಿರಲಿಲ್ಲ.

ಎರಡನೆಯದನ್ನು ಬರಿಯ ನೀರಿನಲ್ಲಿ ತೊಳೆದೆವು. ಮೂಲೆಯಿಂದ ಎದುರು ಮೂಲೆಗೆ ಒಂದೊಂದೇ ತಿರುಪನ್ನು ಹದವಾಗಿ ಬಿಗಿದು, ಕಂಪ್ಯೂಟರಿಗೆ ಹಾಕುವ ಮೊದಲು ಪಂಪನ್ನಷ್ಟೇ ಓಡಿಸಿ, ಕೆಳಗೆ ದಿನಪತ್ರಿಕೆ ಹಾಸಿ 24 ಗಂಟೆ ಕಾದೆವು. ನಮ್ಮ ಕೊಳವೆಬಾವಿಯ ನೀರನ್ನು ಹಾಕಲಿಲ್ಲ. ಮೆಕ್ಯಾನಿಕ್ ಅಂಗಡಿಯಿಂದ ತಂದ ಬ್ಯಾಟರಿ ನೀರು ಹಾಕಿದೆವು. ಪತ್ರಿಕೆ ಒಣಗಿಯೇ ಇತ್ತು. ಏಳು ಮದುವೆಗಳೂ ತಡವಾಗಿಯಾದರೂ ಮನೆ ಸೇರಿದವು.

ಎಣ್ಣೆಯ ಆ ಅಚ್ಚು ಕಾಗದವನ್ನು ಶಿಷ್ಯರು ಎಸೆಯಲು ಹೊರಟಿದ್ದರು. ಕೇಳಿ ಇಸಿದುಕೊಂಡೆ. ಪಕ್ಕದಲ್ಲಿ ಮಗನ ಹೆಸರು, ಊರು, ತಾರೀಕು ಬರೆದು, ಒಂದು ಹೊಸ ನೋಟುಪುಸ್ತಕದ ಮೊದಲ ಹಾಳೆಗೆ ಅಂಟಿಸಿದ್ದೇನೆ. ಮೊನ್ನೆ ಶಿಷ್ಯರು ಇನ್ನೊಂದು ಅಚ್ಚು ಕಳಿಸಿದರು, ಯಾರದೋ ಸ್ಪ್ರೇಯರ್ ಪಂಪಿನದು. ಎರಡನೆಯ ಹಾಳೆಯೂ ತುಂಬಿದೆ.