ಬೆಳವಣಿಗೆ ನಕ್ಷೆ: ಇಲೇಶಾದಿಂದ ಅಂಗನವಾಡಿಯವರೆಗೆ

ತಿಂಗಳಿಗೊಮ್ಮೆ ಮಗುವನ್ನು ತೂಗಿ, ಆ ತೂಕವನ್ನು ನಕ್ಷೆಯಲ್ಲಿ ಒಂದು ಚುಕ್ಕೆಯಾಗಿ ಗುರುತಿಸುವುದು ಅಂಗನವಾಡಿಯ ಮುಖ್ಯ ಕೆಲಸಗಳಲ್ಲಿ ಒಂದು. ಈ ನಕ್ಷೆಯನ್ನು ನಾವು ಸಾಮಾನ್ಯವಾಗಿ ಒಂದು ದಾಖಲೆ ಎಂದೇ ಭಾವಿಸುತ್ತೇವೆ. ಆದರೆ ಅದು ರೂಪುಗೊಂಡದ್ದು ಬೋಧನ ಸಾಧನವಾಗಿ. ವೈದ್ಯರು ದಾದಿಗೆ, ದಾದಿ ತಾಯಿಗೆ ಕಲಿಸಲು ನೆರವಾಗಲೆಂದು ಅದನ್ನು ರಚಿಸಲಾಯಿತು. ಈ ಮೂಲ ಉದ್ದೇಶ ಎಷ್ಟರಮಟ್ಟಿಗೆ ಉಳಿದಿದೆ ಎಂಬುದನ್ನು ಅದರ ಇತಿಹಾಸದಿಂದ ತಿಳಿಯಬಹುದು.

ದಾದಿಯರೇ ನಡೆಸಿದ ಚಿಕಿತ್ಸಾಲಯ

ಬ್ರಿಟನ್ನಿನ ಮಕ್ಕಳ ತಜ್ಞ ಡೇವಿಡ್ ಮಾರ್ಲೆ 1956ರಲ್ಲಿ ನೈಜೀರಿಯದ ಇಲೇಶಾ ಪಟ್ಟಣದ ವೆಸ್ಲಿ ಗಿಲ್ಡ್ ಆಸ್ಪತ್ರೆಗೆ ಬಂದರು. ಸಮೀಪದ ಇಮೆಸಿ-ಇಲೆ ಎಂಬ ಹಳ್ಳಿಯ ಮಕ್ಕಳನ್ನು ಹುಟ್ಟಿನಿಂದ ಐದು ವರ್ಷದವರೆಗೆ ಗಮನಿಸುವ ಅಧ್ಯಯನ ಕೈಗೊಂಡರು. ಅಲ್ಲಿ ವೈದ್ಯರು ಬಹಳ ವಿರಳ. ಆದ್ದರಿಂದ ಐದು ವರ್ಷದೊಳಗಿನ ಮಕ್ಕಳ ಚಿಕಿತ್ಸಾಲಯಗಳನ್ನು ದಾದಿಯರೇ ನಡೆಸುವಂತೆ ಅವರಿಗೆ ತರಬೇತಿ ನೀಡಲಾಯಿತು. ಅವರಿಗಾಗಿ ರೂಪುಗೊಂಡದ್ದೇ 'ಆರೋಗ್ಯದ ಹಾದಿ' ನಕ್ಷೆ.

ನಕ್ಷೆಯ ಅಡ್ಡ ಅಕ್ಷದಲ್ಲಿ ವಯಸ್ಸಿನ ತಿಂಗಳುಗಳು, ಲಂಬ ಅಕ್ಷದಲ್ಲಿ ತೂಕ. ಮೇಲೊಂದು, ಕೆಳಗೊಂದು ಆಧಾರ ರೇಖೆ. ಅವುಗಳ ನಡುವಿನದೇ 'ಹಾದಿ'. ಮೊದಲ ಚೌಕದಲ್ಲಿ ಮಗು ಹುಟ್ಟಿದ ತಿಂಗಳನ್ನು ಬರೆದು ಮುಂದಿನ ತಿಂಗಳುಗಳನ್ನು ಕ್ರಮವಾಗಿ ತುಂಬಿದರೆ ಸಾಕು, ಪ್ರತಿ ಸಲವೂ ವಯಸ್ಸನ್ನು ಲೆಕ್ಕ ಹಾಕಬೇಕಾಗಿಲ್ಲ. ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಾಯಿಯ ಕೈಗೇ ಕೊಡಲಾಗುತ್ತಿತ್ತು. ಗಮನಿಸಬೇಕಾದದ್ದು ಚುಕ್ಕೆ ಇರುವ ಜಾಗಕ್ಕಿಂತ ಮಿಗಿಲಾಗಿ ಚುಕ್ಕೆಗಳನ್ನು ಸೇರಿಸುವ ಗೆರೆಯ ದಿಕ್ಕು. ಗೆರೆ ಏರುತ್ತಿದ್ದರೆ ಮಗು ಬೆಳೆಯುತ್ತಿದೆ. ಅದು ಮಟ್ಟಸವಾದರೆ, ಮಗು ನೋಡಲು ಚೆನ್ನಾಗಿಯೇ ಇದ್ದರೂ, ಅದು ಎಚ್ಚರಿಕೆಯ ಸೂಚನೆ.

ಲಂಡನ್ನಿಗೆ ಮರಳಿದ ಮಾರ್ಲೆ 1965ರಲ್ಲಿ 'ಟಾಲ್ಕ್' ಎಂಬ ಸಂಸ್ಥೆಯನ್ನು ಆರಂಭಿಸಿದರು. ಕಡಿಮೆ ಬೆಲೆಯ ಬೋಧನ ಸಾಮಗ್ರಿಗಳನ್ನು ಬಡ ದೇಶಗಳ ಆರೋಗ್ಯ ಕಾರ್ಯಕರ್ತರಿಗೆ ಒದಗಿಸುವುದು ಅದರ ಉದ್ದೇಶ. ಅದು ತಯಾರಿಸಿದ ಒಂದು ತಕ್ಕಡಿಯಂತೂ ಸ್ವಾರಸ್ಯಕರವಾದದ್ದು. ಮಗುವಿನ ಭಾರಕ್ಕೆ ಅದರ ಸ್ಪ್ರಿಂಗ್ ಹಿಗ್ಗುತ್ತದೆ. ಸೂಚಕದ ರಂಧ್ರದಲ್ಲಿ ಪೆನ್ನಿನ ತುದಿ ಇಟ್ಟು ತಾಯಿಯೇ ನಕ್ಷೆಯಲ್ಲಿ ಚುಕ್ಕೆ ಹಾಕಬಹುದು. ಇದಕ್ಕೆ ಅಂಕಿಗಳನ್ನು ಓದಲು ಬರಬೇಕೆಂದೇನೂ ಇಲ್ಲ.

ಟಿ. ನರಸೀಪುರದ ಆರಂಭ

ಭಾರತದಲ್ಲಿ ಸಹಾಯಕ ದಾದಿ-ಸೂಲಗಿತ್ತಿಯರ (ಎ.ಎನ್.ಎಂ.) ತರಬೇತಿ 1951ರಲ್ಲಿ ಪಂಜಾಬಿನ ತರನ್ ತಾರನ್‌ನಲ್ಲಿ ಆರಂಭವಾಗಿತ್ತು. ನಕ್ಷೆ ಹಳ್ಳಿಹಳ್ಳಿಗೂ ಹರಡಲು ಅವಕಾಶ ದೊರೆತದ್ದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಈ ಯೋಜನೆಗೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಅಲ್ಲಿ 100 ಅಂಗನವಾಡಿಗಳು ತೆರೆದವು.

ಇಲ್ಲಿ ನಕ್ಷೆಗೆ ಇನ್ನೊಂದು ಹೊಣೆಯೂ ಬಂತು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 1972ರ ವರ್ಗೀಕರಣದಂತೆ, ನಿರ್ದಿಷ್ಟ ವಯಸ್ಸಿಗೆ ಇರಬೇಕಾದ ತೂಕದ ಶೇ. 80ಕ್ಕಿಂತ ಹೆಚ್ಚಿದ್ದರೆ ಮಗು ಸಾಮಾನ್ಯ. ಅದಕ್ಕಿಂತ ಕೆಳಗೆ ನಾಲ್ಕು ದರ್ಜೆಗಳು. ಮೂರು ಮತ್ತು ನಾಲ್ಕನೆಯ ದರ್ಜೆಯ ಮಕ್ಕಳಿಗೆ ಹೆಚ್ಚುವರಿ ಪೂರಕ ಆಹಾರ. ಹೀಗೆ ಗೆರೆಯ ದಿಕ್ಕಿಗಿಂತ ಮಗು ಯಾವ ದರ್ಜೆಯಲ್ಲಿದೆ ಎಂಬುದೇ ಮುಖ್ಯವಾಯಿತು. ಕಲಿಸುವ ಸಾಧನ ವಿಂಗಡಿಸುವ ಸಾಧನವಾಗತೊಡಗಿತು.

ಒಂದು ಕಠಿಣ ಪರೀಕ್ಷೆ

ನಕ್ಷೆಯಿಂದ ನಿಜಕ್ಕೂ ಪ್ರಯೋಜನವಿದೆಯೆ? ತಮಿಳುನಾಡಿನ 12 ಹಳ್ಳಿಗಳಲ್ಲಿ ಸಾಬು ಜಾರ್ಜ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಎಲ್ಲ ಹಳ್ಳಿಗಳಲ್ಲೂ ಆರೋಗ್ಯ ಸೇವೆ ಮತ್ತು ಪೋಷಣಾ ಶಿಕ್ಷಣ ಇತ್ತು. ಆರು ಹಳ್ಳಿಗಳಲ್ಲಿ ಮಾತ್ರ ಬೆಳವಣಿಗೆ ನಕ್ಷೆಯನ್ನೂ ಬಳಸಲಾಯಿತು. 30 ತಿಂಗಳ ಬಳಿಕ ಎರಡೂ ಗುಂಪುಗಳ ಮಕ್ಕಳ ಬೆಳವಣಿಗೆಯಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಈ ವರದಿ 1993ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ತೂಗಿದ ಮಾತ್ರಕ್ಕೆ ಮಗು ಬೆಳೆಯುವುದಿಲ್ಲ; ಉತ್ತಮ ಆರೈಕೆ ಮತ್ತು ತಿಳಿವಳಿಕೆಯ ಜಾಗವನ್ನು ನಕ್ಷೆ ತುಂಬಲಾರದು ಎಂಬುದು ಇದರಿಂದ ಸ್ಪಷ್ಟ. ಹಾಗೆಂದು ನಕ್ಷೆಯನ್ನು ಬಿಸಾಡಬೇಕಾಗಿಲ್ಲ. ಚುಕ್ಕೆ ಹಾಕಿದ ಮೇಲೆ ನಡೆಯುವ ಮಾತುಕತೆಯೇ ಅದರ ಬೆಲೆಯನ್ನು ನಿರ್ಧರಿಸುತ್ತದೆ.

ತೆಂಗಿನ ಕಾಂಡದ ಪಾಠ

ಆ ಮಾತುಕತೆಗೆ ಊರಿನ ಅನುಭವದಿಂದಲೇ ಉದಾಹರಣೆ ಸಿಕ್ಕರೆ ಒಳ್ಳೆಯದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಸೀಮೆ ತೆಂಗಿನ ನಾಡು. ಚೆನ್ನಾಗಿರುವ ತೆಂಗಿನ ಮರ ವರ್ಷಕ್ಕೆ 12ರಿಂದ 14 ಗರಿ ಬಿಡುತ್ತದೆ. ಉದುರಿದ ಪ್ರತಿ ಗರಿಯೂ ಕಾಂಡದ ಮೇಲೆ ಬಳೆಯಂಥ ಗುರುತು ಉಳಿಸುತ್ತದೆ. ಬರಗಾಲದಲ್ಲಿ ಈ ಬಳೆಗಳು ಒತ್ತಾಗಿ ಮೂಡುತ್ತವೆ, ಕಾಂಡವೂ ಅಲ್ಲಿ ಸಣ್ಣಗಾಗುತ್ತದೆ. ಏಕದಳ ಸಸ್ಯವಾದ ತೆಂಗಿನ ಕಾಂಡ ಆಮೇಲೆ ದಪ್ಪವಾಗದು. ಮುಂದೆ ಮಳೆ ಎಷ್ಟು ಸುರಿದರೂ ಆ ಸೊಂಟ ಹಾಗೆಯೇ ಉಳಿಯುತ್ತದೆ. ಇದನ್ನು ಬಲ್ಲ ತಾಯಿಗೆ ಮಟ್ಟಸವಾದ ಗೆರೆಯ ಅರ್ಥ ಬೇಗ ತಿಳಿಯುತ್ತದೆ. ಒಂದು ವ್ಯತ್ಯಾಸವನ್ನೂ ಹೇಳಬೇಕು: ಮಗುವಿನ ತೂಕವನ್ನು ಸಕಾಲದ ಆಹಾರ, ಚಿಕಿತ್ಸೆಗಳಿಂದ ಮತ್ತೆ ಹಾದಿಗೆ ತರಬಹುದು.

ಹೊಸ ಮಾನದಂಡ, ಹಳೆಯ ಪ್ರಶ್ನೆ

ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಧ್ಯಯನ ಮಾಡಿ 2006ರಲ್ಲಿ ಹೊಸ ಮಾನದಂಡ ಪ್ರಕಟಿಸಿತು. ಇದರಲ್ಲಿ ಎದೆಹಾಲು ಕುಡಿದ ಮಗುವಿನ ಬೆಳವಣಿಗೆಯೇ ಅಳತೆಗೋಲು. ಭಾರತದ ಅಂಗನವಾಡಿಗಳು 2008ರಿಂದ ಇದನ್ನು ಅಳವಡಿಸಿಕೊಂಡವು. ಗಂಡು, ಹೆಣ್ಣು ಮಕ್ಕಳಿಗೆ ಪ್ರತ್ಯೇಕ ನಕ್ಷೆಗಳು ಬಂದವು. 2021ರಲ್ಲಿ ಬಂದ 'ಪೋಷಣ್ ಟ್ರ್ಯಾಕರ್' ಮೊಬೈಲ್ ಆ್ಯಪ್‌ನಲ್ಲಿ ತೂಕ, ಎತ್ತರಗಳನ್ನು ನಮೂದಿಸಿದರೆ ಮಗುವಿನ ಸ್ಥಿತಿ ಕೂಡಲೇ ತಿಳಿಯುತ್ತದೆ.

ಲೆಕ್ಕ ಸುಲಭವಾಯಿತು, ತಪ್ಪುಗಳೂ ಕಡಿಮೆಯಾಗಬಹುದು. ಆದರೆ ಫೋನ್ ಇರುವುದು ಕಾರ್ಯಕರ್ತೆಯ ಕೈಯಲ್ಲಿ. ತಾಯಿಯ ಕೈಯಲ್ಲಿರುವುದು ತಾಯಿ ಕಾರ್ಡ್. ಅದರ ನಕ್ಷೆಯ ಪುಟ ಖಾಲಿ ಉಳಿದರೆ ಮಾರ್ಲೆಯವರ ಸಾಧನದ ಅರ್ಧಭಾಗ ಕಳೆದುಹೋದಂತೆ. ಆದ್ದರಿಂದ ದಾದಿಯರ ತರಬೇತಿಯಲ್ಲಿ ಚುಕ್ಕೆ ಹಾಕುವುದರ ಜೊತೆಗೆ ಇನ್ನೊಂದು ಅಭ್ಯಾಸವೂ ಇರಬೇಕು: ಮೂರು ತಿಂಗಳ ಚುಕ್ಕೆಗಳನ್ನು ತಾಯಿಯ ಮುಂದಿಟ್ಟು, 'ಈ ತಿಂಗಳು ಮಗುವಿಗೆ ಏನಾಗಿತ್ತು?' ಎಂದು ಕೇಳಿ, ಅವಳ ಉತ್ತರವನ್ನು ತಾಳ್ಮೆಯಿಂದ ಆಲಿಸುವುದು. ಪ್ರೌಢಶಾಲೆಯ ಶಿಕ್ಷಕರು ಕೂಡ ರೇಖಾನಕ್ಷೆಯ ಪಾಠಕ್ಕೆ ಮನೆಯ ತಾಯಿ ಕಾರ್ಡನ್ನೇ ತರಿಸಬಹುದು. ಓರೆಯ ಅರ್ಥವನ್ನು ಅಲ್ಲಿ ಕಲಿತ ಹುಡುಗ ಹುಡುಗಿಯರೇ ನಾಳೆ ತಂದೆ ತಾಯಿಯರಾಗುವವರು.