ಪ್ಲೇಗು ಕಟ್ಟಿಸಿದ ಬಡಾವಣೆ



ಒಂದು ಊರು ಮುಂದುವರಿಯಬೇಕಾದರೆ ಅದು ಇನ್ನೊಂದು ಊರಿನಂತಾಗಬೇಕು ಎಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. ಬೆಂಗಳೂರಿನ ಹಳೆಯ ಬಡಾವಣೆಗಳು ವೈಟ್‌ಫೀಲ್ಡಿನಂತಾದರೆ ಮಾತ್ರ ಉದ್ಧಾರವಾದವು ಎಂದು ಭಾವಿಸುವವರಿದ್ದಾರೆ. ಈ ಮಾತು ಎಷ್ಟು ಸರಿ ಎಂಬುದನ್ನು ಬಸವನಗುಡಿಯ ಚರಿತ್ರೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸೋಣ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ತಲುಪಿತು. ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಿನ ಮನೆಗಳಲ್ಲಿ ಸಾವಿರಾರು ಜನ ಅಸುನೀಗಿದರು. ನಗರದಲ್ಲಿ ಇಂದಿಗೂ ಉಳಿದಿರುವ ಪ್ಲೇಗಮ್ಮನ ಗುಡಿಗಳು ಆ ಭೀತಿಗೆ ಸಾಕ್ಷಿಯಾಗಿವೆ. ಪೇಟೆಯ ಹೊರಗೆ ಹೊಸ ಬಡಾವಣೆಗಳನ್ನು ನಿರ್ಮಿಸುವ ಆಲೋಚನೆ ಮೈಸೂರು ಸರ್ಕಾರಕ್ಕೆ ಮೊದಲೇ ಇದ್ದಿತು. ರೋಗವು ಆ ಕಾರ್ಯಕ್ಕೆ ವೇಗ ತಂದಿತು. ಹೀಗೆ ದಕ್ಷಿಣದಲ್ಲಿ ಬಸವನಗುಡಿಯೂ ಉತ್ತರದಲ್ಲಿ ಮಲ್ಲೇಶ್ವರವೂ ಬೆಳೆದವು. ನೇರವಾದ ಅಗಲ ರಸ್ತೆಗಳು, ಸಾಲುಮರಗಳು, ಮನೆಯ ಸುತ್ತ ಒಂದಿಷ್ಟು ಬಯಲು: ಇವು ಆ ಬಡಾವಣೆಯ ಲಕ್ಷಣಗಳು. ಅಂದಿನ ಪ್ಲೇಗು ಕಮಿಷನರ್ ವಿ.ಪಿ. ಮಾಧವರಾಯರು ಮುಂದೆ ದಿವಾನರಾದರು. ಅವರ ಹೆಸರಿನ ರಸ್ತೆ ಇಂದಿಗೂ ಬಸವನಗುಡಿಯಲ್ಲಿದೆ.

ಆ ನೆಲವೇನೂ ಬರಿದಾಗಿರಲಿಲ್ಲ. ಅದು ಸುಂಕೇನಹಳ್ಳಿಯ ರೈತರು ಕಡಲೆಕಾಯಿ ಬೆಳೆಯುತ್ತಿದ್ದ ಹೊಲ. ಬೆಳೆಯನ್ನು ಮೇಯುತ್ತಿದ್ದ ಬಸವನಿಗಾಗಿ 1537ರಲ್ಲಿ ಕೆಂಪೇಗೌಡರು ಗುಡಿ ಕಟ್ಟಿಸಿದರೆಂಬುದು ಐತಿಹ್ಯ. ಹೊಲಗಳು ಮರೆಯಾದರೂ ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ತಪ್ಪದೆ ನಡೆಯುತ್ತದೆ. ದೂರದ ಊರುಗಳ ರೈತರು ತಾವು ಬೆಳೆದದ್ದನ್ನು ಬೀದಿಯಲ್ಲೇ ರಾಶಿ ಹಾಕುತ್ತಾರೆ.

ಬಡಾವಣೆಗೆ ಕೀರ್ತಿ ತಂದುದು ವಿದ್ಯಾಸಂಸ್ಥೆಗಳು. 1917ರಲ್ಲಿ ನ್ಯಾಷನಲ್ ಹೈಸ್ಕೂಲು ಆರಂಭವಾಯಿತು. 1945ರ ಒಂದೇ ವರ್ಷದಲ್ಲಿ ನ್ಯಾಷನಲ್ ಕಾಲೇಜು, ಡಿ.ವಿ.ಜಿ.ಯವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ಅವರ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಈ ಮೂರೂ ತಲೆಯೆತ್ತಿದವು. 1962ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸಿದರು. ಉಪನ್ಯಾಸ ಕೇಳಿ, ಗಾಂಧಿ ಬಜಾರಿನಲ್ಲಿ ಹೂ ಕೊಂಡು, 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು, ನಡೆದೇ ಮನೆ ಸೇರಬಹುದು. ಈ ನಡಿಗೆಯ ಅಂತರವೇ ಬಸವನಗುಡಿಯ ನಿಜವಾದ ಆಸ್ತಿ ಎಂದು ನಾನು ತಿಳಿದಿದ್ದೇನೆ.

ಆದರೆ ಚರಿತ್ರೆಯನ್ನು ಓದುವಾಗ ಹೆಮ್ಮೆಯ ಪುಟಗಳನ್ನಷ್ಟೇ ಓದಬಾರದು. ಆರಂಭದಲ್ಲಿ ಇಲ್ಲಿ ನಿವೇಶನಗಳನ್ನು ಜಾತಿವಾರು ವಿಂಗಡಿಸಲಾಗಿತ್ತು. ಮನೆಗಳ ಹಿಂಬದಿಯಲ್ಲಿ ಕಿರಿದಾದ ಕನ್ಸರ್ವೆನ್ಸಿ ಓಣಿಗಳನ್ನು ಬಿಡಲಾಗಿತ್ತು. ಮಲ ಹೊರುವವರು ಮುಂಬೀದಿಗೆ ಬಾರದಂತೆ ಆ ಓಣಿಗಳಲ್ಲೇ ಬಂದು ಹೋಗಬೇಕಿತ್ತು. ಪ್ಲೇಗಿನಿಂದ ಕೆಲವರಿಗೆ ದೊರೆತ ಶುಚಿತ್ವವನ್ನು ಇನ್ನು ಕೆಲವರು ತಲೆಯ ಮೇಲೆ ಹೊತ್ತರು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಆ ಪದ್ಧತಿಯನ್ನು ನಿಷೇಧಿಸಿದರು. ಓಣಿಗಳು ಮಾತ್ರ ಉಳಿದವು; ಹಲವು ಕಸದ ತಾಣಗಳಾದವು, ಕೆಲವು ಒತ್ತುವರಿಯಾದವು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಆ ಓಣಿಗಳನ್ನು ಶುಚಿಗೊಳಿಸಿ ದೀಪ ಹಾಕಿದರೆ ಶಾಲೆಯ ಮಕ್ಕಳಿಗೂ ವೃದ್ಧರಿಗೂ ವಾಹನಗಳ ಕಾಟವಿಲ್ಲದ ಹಾದಿ ದೊರೆಯುತ್ತದೆ. ಅವಮಾನದ ದಾರಿ ಎಲ್ಲರ ದಾರಿಯಾಗುವುದಕ್ಕಿಂತ ದೊಡ್ಡ ಸುಧಾರಣೆ ಯಾವುದಿದೆ? ಎರಡನೆಯದಾಗಿ, 2017ರ ಜೂನ್‌ನಲ್ಲಿ ನ್ಯಾಷನಲ್ ಕಾಲೇಜಿನ ಬಳಿಗೆ ಮೆಟ್ರೋ ಬಂದಿದೆ. ದೂರದಿಂದ ಬರುವವರು ಕಾರು ತರಬೇಕಾಗಿಲ್ಲ. ನಿಲ್ದಾಣದಿಂದ ಗಾಂಧಿ ಬಜಾರಿಗೆ ಒಳ್ಳೆಯ ಕಾಲುದಾರಿ ಸಾಕು. ಮೂರನೆಯದಾಗಿ, ಹೂ, ಹಣ್ಣು, ತರಕಾರಿ ಮಾರುವವರನ್ನು ಅಡ್ಡಿಯೆಂದು ಎಣಿಸಬಾರದು. ಪರಿಷೆಯ ಪರಂಪರೆಗೆ ಅವರೇ ವಾರಸುದಾರರು; 2014ರ ಕೇಂದ್ರ ಕಾಯಿದೆಯೂ ಬೀದಿಬದಿಯ ವ್ಯಾಪಾರಿಗಳ ಹಕ್ಕನ್ನು ಮಾನ್ಯ ಮಾಡಿದೆ.

ಹಳೆಯ ಮನೆ ಕೆಡವಿ ಬಹುಮಹಡಿ ಕಟ್ಟಿಸುವವರನ್ನು ನಾನು ದೂರಲಾರೆ. ಪಾಲು, ಸಾಲ, ಮಕ್ಕಳ ವಿದ್ಯಾಭ್ಯಾಸ ಎಲ್ಲರಿಗೂ ಇದ್ದದ್ದೇ. ಮನೆಗಳು ಬದಲಾಗಲಿ, ಬೀದಿ, ಮರ, ಮಾರುಕಟ್ಟೆ, ಉಪನ್ಯಾಸದ ಸಭಾಂಗಣ ಉಳಿಯಲಿ. ಇವು ಯಾರೊಬ್ಬರ ಸ್ವತ್ತೂ ಅಲ್ಲವಾದ್ದರಿಂದ ಎಲ್ಲರೂ ಸೇರಿಯೇ ಕಾಯಬೇಕು.

ನೀವಿಂದು ಬೇರೆ ಬೇರೆ ಊರುಗಳಲ್ಲಿ ನೆಲೆಸಿದ್ದೀರಿ. ನಿಮ್ಮ ಬಡಾವಣೆ ಏಕೆ ಹುಟ್ಟಿತು, ಯಾರಿಗೆ ಅಲ್ಲಿ ಜಾಗ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂದು ಒಮ್ಮೆ ವಿಚಾರಿಸಿ ನೋಡಿ. ಮುಂದೇನು ಕಟ್ಟಬೇಕೆಂಬುದಕ್ಕೆ ಉತ್ತರ ಅಲ್ಲಿಯೇ ಸಿಗುತ್ತದೆ.