ಗೋಕಾಕದ ಘೇಂಡಾಮೃಗ: ಘಟಪ್ರಭಾ ಕೊಳ್ಳದಲ್ಲಿ ಜೀವವಿಕಾಸದ ಒಂದು ಸಾಕ್ಷ್ಯ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಒಂದು ಹೊಸ ಪ್ರಭೇದವನ್ನು ವರ್ಣಿಸಿದರು: ರೈನೊಸೆರಸ್ ಡೆಕ್ಕನೆನ್ಸಿಸ್. ಅದರ ಪಳೆಯುಳಿಕೆಗಳು ದೊರೆತದ್ದು ಗೋಕಾಕದ ಸಮೀಪ, ಅವರು ಚಿಕ್‌ದೌಲಿ ಎಂದು ಬರೆದ ಊರಿನ ಮೆಕ್ಕಲಿನಲ್ಲಿ. ಫೂಟ್ ಎಂದರೆ ನಾವು 1863ರಲ್ಲಿ ಪಲ್ಲಾವರದಲ್ಲಿ ಸಿಕ್ಕ ಕಲ್ಲಿನ ಕೊಡಲಿಯನ್ನಷ್ಟೇ ನೆನೆಯುತ್ತೇವೆ. ಗೋಕಾಕದ ಈ ಮೂಳೆಗಳಿಗೂ ಅಷ್ಟೇ ಗಮನ ಸಲ್ಲಬೇಕು. ಜೀವವಿಕಾಸದ ಬಗ್ಗೆ ಅವು ಏನು ಹೇಳುತ್ತವೆ ಎಂಬುದು ಈ ಟಿಪ್ಪಣಿಯ ವಿಷಯ.

ಮೊದಲನೆಯದು ಪದರಗಳ ಕ್ರಮ. ಗೋಕಾಕ ಜಲಪಾತದ ಬಂಡೆ ಕಲಾದಗಿ ಶ್ರೇಣಿಯದು. ವಯಸ್ಸು 54 ಕೋಟಿ ವರ್ಷಕ್ಕೂ ಹೆಚ್ಚು. ಈ ಶ್ರೇಣಿಯ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳಿವೆ, ಎಲುಬಿನ ಪ್ರಾಣಿ ಒಂದೂ ಇಲ್ಲ. ಹುಕ್ಕೇರಿ ಕಡೆಯ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಗೋಕಾಕ, ಮೂಡಲಗಿ ತಾಲ್ಲೂಕುಗಳ ನದಿ ಮೆಕ್ಕಲು ಇವೆರಡಕ್ಕಿಂತ ಬಹಳ ಈಚಿನದು. ಘೇಂಡಾಮೃಗ ಇರುವುದು ಅಲ್ಲೇ. ಜಲಪಾತದ ಬಂಡೆಯೊಳಗೇ ಅದರ ಹಲ್ಲು ಸಿಕ್ಕಿದ್ದರೆ ವಿಕಾಸವಾದ ಉತ್ತರಿಸಲಾಗದ ಪ್ರಶ್ನೆಯನ್ನು ಎದುರಿಸಬೇಕಾಗುತ್ತಿತ್ತು.

ಎರಡನೆಯದು ನೆಲ ಮತ್ತು ನೆಂಟಸ್ತನ. ಒಂದು ಪ್ರದೇಶದಲ್ಲಿ ಅಳಿದ ಜೀವಿಗಳು ಅದೇ ಪ್ರದೇಶದ ಇಂದಿನ ಜೀವಿಗಳನ್ನು ಹೋಲುತ್ತವೆ ಎಂದು ಡಾರ್ವಿನ್ 1859ರಲ್ಲೇ ಒತ್ತಿ ಹೇಳಿದ್ದರು. ಇಂದು ಕರ್ನಾಟಕದ ಕಾಡುಗಳಲ್ಲಿ ಘೇಂಡಾಮೃಗವಿಲ್ಲ; ಆದರೆ ಅಸ್ಸಾಂ ಮತ್ತು ನೇಪಾಳದ ತರಾಯಿಯಲ್ಲಿ ಒಂಟಿಕೊಂಬಿನ ಘೇಂಡಾಮೃಗ ಬದುಕಿದೆ. ಪೂರ್ವಜರಿಂದ ಕವಲೊಡೆದು ಹರಡಿದ ವಂಶದಲ್ಲಿ ನಿರೀಕ್ಷಿಸಬೇಕಾದ ಹಂಚಿಕೆಯೇ ಇದು.

ಮೂರನೆಯ ಸಾಕ್ಷ್ಯ ಮೂಳೆಯನ್ನು ಅವಲಂಬಿಸಿಲ್ಲ. 2021ರಲ್ಲಿ ಬದುಕಿರುವ ಐದು ಮತ್ತು ಅಳಿದ ಮೂರು ಘೇಂಡಾ ಪ್ರಭೇದಗಳ ಜೀನೋಮ್‌ಗಳನ್ನು ಹೋಲಿಸಲಾಯಿತು. ಆಫ್ರಿಕಾದ ಕವಲು ಸುಮಾರು 1.6 ಕೋಟಿ ವರ್ಷಗಳ ಹಿಂದೆ ಬೇರ್ಪಟ್ಟದ್ದು, ಭಾರತ ಮತ್ತು ಜಾವಾದ ಪ್ರಭೇದಗಳು ಪರಸ್ಪರ ಹತ್ತಿರದ ಬಂಧುಗಳಾಗಿರುವುದು ಅದರಿಂದ ತಿಳಿಯಿತು. ಅಂಗರಚನೆ ನೋಡಿ ಈ ಎರಡನ್ನೂ ರೈನೊಸೆರಸ್ ಕುಲಕ್ಕೆ ಸೇರಿಸಿದವರ ಕೈಯಲ್ಲಿ ಡಿಎನ್‌ಎ ಇರಲಿಲ್ಲ. ಆದರೂ ಎರಡು ದಾರಿಗಳೂ ಒಂದೇ ವಂಶವೃಕ್ಷಕ್ಕೆ ಬಂದು ಮುಟ್ಟಿವೆ.

ಗೋಕಾಕದ ಮೂಳೆಯೊಂದೇ ವಿಕಾಸವನ್ನು ಸಾಬೀತುಪಡಿಸದು. ಅದು ಪ್ರತ್ಯೇಕ ಪ್ರಭೇದವಲ್ಲವೆಂದು ನಾಳೆ ತೀರ್ಮಾನವಾದರೂ ಮೇಲಿನ ವಾದ ಸಡಿಲವಾಗದು, ಏಕೆಂದರೆ ವಾದದ ಬಲ ಹೆಸರಿನಲ್ಲಿಲ್ಲ. ಪದರ, ಪ್ರದೇಶ, ರಚನೆ, ಜೀನೋಮ್ ಇವು ಬೇರೆಬೇರೆಯಾಗಿ ಒಂದೇ ಮಾತು ಹೇಳುವುದರಲ್ಲಿದೆ. ಆದ್ದರಿಂದ ಘಟಪ್ರಭೆಯ ದಂಡೆಯಲ್ಲಿ ಮಣ್ಣು ಅಗೆಯುವಾಗ ಕಲ್ಲಾದ ಎಲುಬು ಕಂಡರೆ, ಎತ್ತುವ ಮೊದಲು ಅದು ಯಾವ ಪದರದಲ್ಲಿ, ಎಷ್ಟು ಆಳದಲ್ಲಿತ್ತು ಎಂದು ಬರೆದಿಡಬೇಕು. ಪದರದ ದಾಖಲೆ ತಪ್ಪಿದರೆ ಆ ಎಲುಬಿನ ಅರ್ಧ ಸಾಕ್ಷ್ಯ ಅಲ್ಲೇ ಕಳೆದುಹೋಗುತ್ತದೆ.